ತಲೆದಿಂಬಿನ ಕೆಳಗಿನ ಫೋನು

ಎರಡು ವರ್ಷದ ಹಿಂದಿನ ಮಾತು. ಮಂಡಿನೋವಿಗೆಂದು ನನ್ನ ಕ್ಲಿನಿಕ್ಕಿಗೆ ಬರುವ ಹಿರಿಯ ತಾಯಿಯೊಬ್ಬರು ಮಾತ್ರೆ ಬರೆಸಿಕೊಂಡ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಏಳೆಂಟು ಜನ ಕಾಯುತ್ತಿದ್ದರು. "ಇನ್ನೇನಮ್ಮ?" ಎಂದೆ.

"ನನ್ನ ಮಗನ್ನ ಒಂದ್ಸಲ ಸರಿಯಾಗಿ ನೋಡಿ ಡಾಕ್ಟ್ರೇ. ರಾತ್ರಿ ಫೋನನ್ನ ದಿಂಬಿನ ಕೆಳಗೇ ಇಟ್ಕೊಂಡು ಮಲಗ್ತಾನೆ. ಸ್ನಾನಕ್ಕೆ ಹೋದ್ರೂ ಬಕೆಟ್ ಪಕ್ಕದ ಸ್ಟೂಲಿನ ಮೇಲೆ ಅದು ಇರ್ಬೇಕು. ಮೊನ್ನೆ ಅವರಪ್ಪನ ತಿಥಿ. ಪಿಂಡ ಇಡೋ ಹೊತ್ತಿಗೆ ಫೋನು ಬಡ್ಕೊಂಡ್ತು, ಎದ್ದು ಹೋದ. ಪುರೋಹಿತರು ಮುಕ್ಕಾಲು ಗಂಟೆ ಕಾದ್ರು. ಎಲ್ಲರ ಮುಂದೆ ಬೈದ್ಬಿಟ್ಟೆ. ಅವನು ಅಲ್ಲೇ ನಿಂತು ಅಳೋಕೆ ಶುರು ಮಾಡ್ದ. ನಲವತ್ತು ವರ್ಷದ ಗಂಡಸು, ಡಾಕ್ಟ್ರೇ."

ಆ ಮಗ ನನಗೆ ಗೊತ್ತಿಲ್ಲದವರೇನಲ್ಲ. ಏಳು ತಿಂಗಳಿಂದ ನನ್ನ ರೋಗಿಯೇ. ಎದೆಯುರಿ, ಕತ್ತುನೋವು, ಆಗಾಗ ಎದೆ ಡವಗುಟ್ಟುವುದು, ಇಷ್ಟು ಅವರ ದೂರು. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿದ್ದೆ. ಎಲ್ಲವೂ ಸರಿಯಾಗಿತ್ತು. ಎದೆಯುರಿಗೆ ಮಾತ್ರೆ ಕೊಟ್ಟು, "ಟೆನ್ಷನ್ ಮಾಡ್ಕೋಬೇಡಿ" ಎಂದು ಬೆನ್ನು ತಟ್ಟಿ ಕಳುಹಿಸಿದವನು ನಾನೇ. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ದಿನವೂ ಕೇಳುವ ಪ್ರಶ್ನೆ ಅದು. ನಲವತ್ತರ ಎಂಜಿನಿಯರಿಗೆ ಕೇಳಬೇಕೆಂದು ತೋಚಲಿಲ್ಲ. "ಟೆನ್ಷನ್ ಮಾಡ್ಕೋಬೇಡಿ" ಎಂಬುದು ಔಷಧಿಯಲ್ಲ. ರೋಗಿಯನ್ನು ಬೇಗ ಕಳುಹಿಸಲು ನಾವು ವೈದ್ಯರು ಕಂಡುಕೊಂಡಿರುವ ಮಾತು, ಅಷ್ಟೆ.

ಅವರು ಡಿಬಿಎ, ಅಂದರೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್. ಬೆಂಗಳೂರಿನಲ್ಲಿ ಮನೆಗೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದ್ದರೂ ಈ ಕೆಲಸವೇನೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ, ಅವರೇ ಹೇಳಿಕೊಟ್ಟರು. ಹಿಂದೆ ಬ್ಯಾಂಕುಗಳಲ್ಲಿ ದಪ್ಪ ರಟ್ಟಿನ ಲೆಡ್ಜರುಗಳಿರುತ್ತಿದ್ದವು. ಸಂಜೆ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಗುಮಾಸ್ತರು ಮನೆಗೆ ಹೋಗುತ್ತಿದ್ದರು. ಈಗಿನ ಲೆಡ್ಜರು ಕಂಪ್ಯೂಟರಿನೊಳಗಿದೆ, ಅದನ್ನು ಮುಚ್ಚುವ ಹೊತ್ತೇ ಇಲ್ಲ. ನೀವು ರಾತ್ರಿ ಹನ್ನೊಂದಕ್ಕೆ ರೈಲ್ವೆ ಟಿಕೆಟ್ ಮಾಡಿಸಿದರೂ, ತರಕಾರಿಯವನಿಗೆ ಫೋನಿನಲ್ಲೇ ಇಪ್ಪತ್ತು ರೂಪಾಯಿ ಕಳುಹಿಸಿದರೂ ಎಲ್ಲೋ ಒಂದು ಲೆಡ್ಜರಿನಲ್ಲಿ ಸಾಲು ಬರೆಯಬೇಕು. ಆ ಲೆಡ್ಜರು ಹರಿಯದಂತೆ, ಕಳೆಯದಂತೆ, ತಡಮಾಡದಂತೆ ಕಾಯುವವನು ಡಿಬಿಎ. ಯಾರು ಯಾವ ಪುಟ ನೋಡಬಹುದು ಎಂದು ಗೊತ್ತುಮಾಡುವುದು, ದಿನವೂ ನಕಲು ತೆಗೆದಿಡುವುದು, ಆ ನಕಲಿನಿಂದ ಮತ್ತೆ ಅಸಲನ್ನು ಕಟ್ಟಲು ಬರುತ್ತದೆಯೇ ಎಂದು ಪರೀಕ್ಷಿಸುವುದು, ಜಾಗ ತುಂಬುವ ಮೊದಲೇ ಜಾಗ ಒದಗಿಸುವುದು ಅವನ ಕೆಲಸ. ಎಲ್ಲ ಸರಿಯಾಗಿ ನಡೆದರೆ ಇಂಥವನೊಬ್ಬನಿದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟ ದಿನ ಮಾತ್ರ ಎಲ್ಲರ ಬಾಯಲ್ಲೂ ಅವನ ಹೆಸರು.

ಇಂಥ ಕೆಲಸ ಹೆಚ್ಚಾಗಿ ರಾತ್ರಿಯೇ ಏಕೆ ಬರುತ್ತದೆ? ನಮ್ಮ ದೇಶದ ಗ್ರಾಹಕರ ವ್ಯವಸ್ಥೆಯಾದರೆ ಜನ ಮಲಗಿದ ಮೇಲೆಯೇ ದುರಸ್ತಿಗೆ ಕೈ ಹಾಕಬೇಕು, ಶನಿವಾರ ರಾತ್ರಿಯಾದರೆ ಇನ್ನೂ ಅನುಕೂಲ. ಅಮೆರಿಕದ ಗ್ರಾಹಕರಾದರೆ ಅವರ ಹಗಲೇ ನಮ್ಮ ರಾತ್ರಿ. ನಮ್ಮಲ್ಲಿ ಬೆಳಗಿನ ಜಾವ ಎರಡು ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ಇಳಿಹೊತ್ತು, ಅಲ್ಲಿನ ಕಚೇರಿಗಳಲ್ಲಿ ಕೆಲಸ ಜೋರಾಗಿ ನಡೆದಿರುತ್ತದೆ. ಇದಕ್ಕಾಗಿ 'ಆನ್‌ಕಾಲ್' ಎಂಬ ಸರದಿ. ಮನೆಯಲ್ಲೇ ಮಲಗಬಹುದು, ಆದರೆ ಫೋನು ಬಂದರೆ ಕೆಲವೇ ನಿಮಿಷದಲ್ಲಿ ಲ್ಯಾಪ್‌ಟಾಪ್ ತೆರೆದು ಕೂರಬೇಕು. ನನ್ನ ರೋಗಿಯ ತಂಡದಲ್ಲಿ ಹೆಸರಿಗೆ ಮೂವರು. ಹಳೆಯ ವ್ಯವಸ್ಥೆಯ ಒಳಹೊರಗು ಬಲ್ಲವರು ಇವರೊಬ್ಬರೇ. ಹೀಗಾಗಿ ಯಾರ ಸರದಿಯಾದರೂ ಕೊನೆಗೆ ಕರೆ ಬರುವುದು ಇವರಿಗೇ. ಎಷ್ಟೋ ಕರೆಗಳು ಬರಿಯ ಗಾಬರಿ. ಜಾಗ ಶೇಕಡ 80 ತುಂಬಿದೆ ಎಂಬ ಎಚ್ಚರಿಕೆ, ಬೆಳಿಗ್ಗೆ ಕಾಫಿ ಕುಡಿದು ನೋಡಿದ್ದರೂ ನಡೆಯುತ್ತಿತ್ತು.

"ಕರೆ ಬಾರದ ರಾತ್ರಿ ಚೆನ್ನಾಗಿ ನಿದ್ರೆ ಬರುತ್ತದಲ್ಲ?" ಎಂದು ಕೇಳಿದೆ. ಅವರು ನಕ್ಕರು. "ಕರೆ ಬಂದ ರಾತ್ರಿಯೇ ವಾಸಿ ಸಾರ್. ಬಂತು, ಮುಗೀತು ಅಂತ ಆಮೇಲಾದರೂ ಮಲಗ್ತೀನಿ."

ಈ ಮಾತನ್ನು ನಾನು ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಆಮೇಲೆ ಓದಿ ನೋಡಿದರೆ ಇದು ಹಳೆಯ ಸಂಗತಿ. 1988ರಲ್ಲೇ ಸ್ವೀಡನ್ನಿನ ಸಂಶೋಧಕರು ಹಡಗಿನ ಎಂಜಿನಿಯರುಗಳ ತಲೆಗೆ ತಂತಿ ಜೋಡಿಸಿ ನಿದ್ರೆಯನ್ನು ಅಳೆದಿದ್ದರು. ಯಂತ್ರ ಕೆಟ್ಟರೆ ಗಂಟೆ ಬಾರಿಸುತ್ತದೆ, ಎದ್ದು ಓಡಬೇಕು ಎಂಬಂಥ ರಾತ್ರಿಗಳಲ್ಲಿ ಅವರ ನಿದ್ರೆ ಗಿಡ್ಡವಾಗಿತ್ತು, ಗಾಢ ನಿದ್ರೆ ಕಡಿಮೆಯಾಗಿತ್ತು, ಮಲಗಿದಾಗಲೂ ಹೃದಯದ ಬಡಿತ ಹೆಚ್ಚಿತ್ತು. ಗಮನಿಸಬೇಕಾದದ್ದು ಇದು: ಗಂಟೆ ಬಾರಿಸುವುದಕ್ಕೆ ಮೊದಲೇ ಈ ಬದಲಾವಣೆಗಳು ಕಂಡಿದ್ದವು. ಎಬ್ಬಿಸಬಹುದು ಎಂಬ ನಿರೀಕ್ಷೆಯೇ ನಿದ್ರೆಯನ್ನು ಕೆಡಿಸುತ್ತದೆ. ಹಸುಗೂಸಿನ ತಾಯಂದಿರಿಗೆ ಇದನ್ನು ಯಾವ ಸಂಶೋಧಕರೂ ಹೇಳಿಕೊಡಬೇಕಿಲ್ಲ. ಆದರೆ ಕೂಸು ಬೆಳೆಯುತ್ತದೆ. ಇವರ ಸರದಿ ವರ್ಷಗಟ್ಟಲೆ ನಡೆಯುತ್ತದೆ.

ಇನ್ನು ಎದ್ದ ಮೇಲಿನ ಸ್ಥಿತಿ. ಗಾಢ ನಿದ್ರೆಯಿಂದ ತಟ್ಟನೆ ಎದ್ದವರ ಮಿದುಳು ಕಣ್ಣು ತೆರೆದ ಕೂಡಲೇ ಪೂರ್ತಿ ಎಚ್ಚರವಾಗುವುದಿಲ್ಲ. ಹದಿನೈದು ನಿಮಿಷದಿಂದ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಮಂಕು ಇರುತ್ತದೆ. ಎದ್ದೇ ಇದ್ದವರ ಕಥೆಯೂ ಉತ್ತಮವಲ್ಲ. 17 ಗಂಟೆ ಸತತ ಎಚ್ಚರವಿದ್ದವರ ಕಣ್ಣು ಕೈಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಾಂಶ ಇರುವವರಷ್ಟು ಕುಗ್ಗಿರುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ತೋರಿಸಿದರು. ನಮ್ಮ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದವರು ವಾಹನ ಓಡಿಸುವಂತಿಲ್ಲ. ಬೆಳಿಗ್ಗೆ ಆರೂವರೆಗೆ ಎದ್ದ ಮನುಷ್ಯ ರಾತ್ರಿ ಹನ್ನೊಂದೂವರೆಗೆ ಆ ಹಂತ ಮುಟ್ಟಿರುತ್ತಾನೆ. ಅವನಿಗೆ ಸ್ಕೂಟರ್ ಕೊಡಲು ನಾವು ಹಿಂಜರಿಯಬೇಕು. ಆದರೆ ಲಕ್ಷಾಂತರ ಜನರ ಲೆಕ್ಕದ ಪುಸ್ತಕವನ್ನು ಕೊಟ್ಟು ತಿದ್ದು ಎನ್ನುತ್ತೇವೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಮಗುವೊಂದಕ್ಕೆ ಬರೆದ ಔಷಧಿಯಲ್ಲಿ ದಶಾಂಶದ ಚುಕ್ಕೆ ತಪ್ಪಿತ್ತು. ವಾರ್ಡಿನ ಸಿಸ್ಟರ್ ಚೀಟಿ ಹಿಡಿದುಕೊಂಡು ಬಂದು, "ಡಾಕ್ಟ್ರೇ, ಇನ್ನೊಂದ್ಸಲ ನೋಡ್ತೀರಾ?" ಎಂದಷ್ಟೇ ಕೇಳಿದರು. ನೋಡಿದೆ, ತಿದ್ದಿದೆ, ಬೆವರಿದೆ. ಆ ಸಿಸ್ಟರನ್ನು ಇಂದಿಗೂ ನೆನೆಯುತ್ತೇನೆ. ಮನೆಯ ಊಟದ ಮೇಜಿನಲ್ಲಿ ಒಬ್ಬನೇ ಕೂತ ಡಿಬಿಎಗೆ ಅಂಥ ಸಿಸ್ಟರ್ ಇಲ್ಲ.

ನನ್ನ ರೋಗಿಗೂ ಅಂಥದೊಂದು ರಾತ್ರಿ ಬಂದಿತ್ತು. ನನ್ನಲ್ಲಿಗೆ ಎದೆಯುರಿ ಎಂದು ಬರುವುದಕ್ಕೆ ಒಂದು ತಿಂಗಳು ಮೊದಲು. ಪರದೆಯ ಮೇಲೆ ಎರಡು ಕಿಟಕಿ, ಒಂದು ಪ್ರಯೋಗಕ್ಕೆಂದು ಇಟ್ಟ ಡೇಟಾಬೇಸು, ಇನ್ನೊಂದು ಅಸಲಿ. ನೋಡಲು ಎರಡೂ ಒಂದೇ ಥರ. ಪ್ರಯೋಗದ್ದರಲ್ಲಿ ಅಳಿಸಬೇಕಾದ್ದನ್ನು ಅಸಲಿಯಲ್ಲಿ ಅಳಿಸಿದರು. ತಿಳಿದದ್ದು ಎಂಟರ್ ಒತ್ತಿದ ಮರುಕ್ಷಣ. ನಕಲು ಇತ್ತು, ನಾಲ್ಕು ಗಂಟೆಯಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದರು. ಗ್ರಾಹಕರಿಗೆ ಹೆಚ್ಚಿನ ನಷ್ಟವಾಗಲಿಲ್ಲ. ಆದರೆ ಮಾರನೆಯ ದಿನದ ಸಭೆಯಲ್ಲಿ ಮೂವತ್ತು ಜನರ ಎದುರು ಮೊದಲು ಬಂದ ಪ್ರಶ್ನೆ "ಯಾರು ಮಾಡಿದ್ದು?" ಎಂಬುದು. ಏಕೆ ಆಯಿತು ಎಂದು ಯಾರೂ ಕೇಳಲಿಲ್ಲವಂತೆ. ಅಂದಿನಿಂದ ಅವರಿಗೆ ಎಂಟರ್ ಒತ್ತಲು ಕೈ ನಡುಗುತ್ತದೆ. ಮನೆಯ ಗ್ಯಾಸು, ಬಾಗಿಲ ಚಿಲಕ, ಎಲ್ಲವನ್ನೂ ಮೂರು ಮೂರು ಸಲ ನೋಡುತ್ತಾರೆ.

ಇದೇ ಬಗೆಯ ತಪ್ಪನ್ನು ಜಗತ್ತೆಲ್ಲ ನೋಡಿದ ಉದಾಹರಣೆಯೊಂದಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು ತಡರಾತ್ರಿಯವರೆಗೆ ತೊಂದರೆಯೊಂದರ ಬೆನ್ನುಬಿದ್ದಿದ್ದರು. ಇನ್ನು ಏಳೋಣ ಎಂದುಕೊಂಡಿದ್ದ ಹೊತ್ತು. ನಕಲು ಯಂತ್ರದ ಕಡತಗಳನ್ನು ಅಳಿಸಲು ಹೋಗಿ ಮುಖ್ಯ ಯಂತ್ರದ್ದನ್ನೇ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಗಿಗಾಬೈಟ್. ಐದು ಬಗೆಯ ನಕಲು ವ್ಯವಸ್ಥೆ ಇದ್ದರೂ ಆ ಹೊತ್ತಿಗೆ ಒಂದೂ ನೆಚ್ಚುವಂತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆ ತೆಗೆದಿಟ್ಟ ನಕಲೊಂದು ಸಿಕ್ಕಿತು. ಆರು ಗಂಟೆಯ ಬರಹಗಳು ಹೋದವು. ಸಂಸ್ಥೆ ನಡೆದುದನ್ನೆಲ್ಲ ಬಹಿರಂಗವಾಗಿ ಬರೆದು ಪ್ರಕಟಿಸಿತು, ಒಬ್ಬನ ತಲೆಗೆ ಕಟ್ಟಲಿಲ್ಲ. ನಕಲುಗಳು ಏಕೆ ಕೆಲಸ ಮಾಡಲಿಲ್ಲ, ಕೆಟ್ಟಿವೆಯೆಂದು ಏಕೆ ಗೊತ್ತಾಗಲಿಲ್ಲ ಎಂದು ಹುಡುಕಿತು. ನಮ್ಮ ಆಸ್ಪತ್ರೆಗಳೂ ಇದನ್ನು ಇನ್ನೂ ಕಲಿಯಬೇಕಾಗಿದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಈಗ ನನ್ನ ಅಭಿಪ್ರಾಯ. ಕೆಲಸದಿಂದ ಬಳಲಿದವರಿಗೆ ಕಂಪನಿಗಳು ಈಚೆಗೆ ಧ್ಯಾನದ ತರಗತಿ, ನಗೆಕೂಟ, ಪ್ರಾಣಾಯಾಮ ಏರ್ಪಡಿಸುತ್ತಿವೆ. ನನಗೆ ಪ್ರಾಣಾಯಾಮದ ಮೇಲೆ ಯಾವ ದ್ವೇಷವೂ ಇಲ್ಲ, ನಾನೂ ಮಾಡುತ್ತೇನೆ. ಆದರೆ ಸೋರುವ ಮಾಡಿನ ಕೆಳಗೆ ಮಲಗಿದವನಿಗೆ ಕಂಬಳಿ ಹಂಚಿದರೆ ಏನು ಪ್ರಯೋಜನ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಗೆ, ಅಂದರೆ ಬರ್ನ್‌ಔಟಿಗೆ, ವ್ಯಾಖ್ಯೆ ಕೊಟ್ಟಾಗ ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಶಕ್ತಿಯೆಲ್ಲ ಬಸಿದು ಹೋದಂತಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದೇನೂ ಆಗುತ್ತಿಲ್ಲವೆಂಬ ಭಾವನೆ ಅದರ ಲಕ್ಷಣಗಳು. ಮೂಲ ಕೆಲಸದಲ್ಲಿದ್ದರೆ ಚಿಕಿತ್ಸೆಯೂ ಮೊದಲು ಕೆಲಸಕ್ಕೇ ಆಗಬೇಕು.

ಅದೇನೂ ಬ್ರಹ್ಮವಿದ್ಯೆಯಲ್ಲ. ಗೂಗಲ್ಲಿನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಲೆಕ್ಕವನ್ನು ಬರೆದಿದ್ದಾರೆ. ಒಂದೇ ಊರಿನಿಂದ ದುಡಿಯುವ ತಂಡಕ್ಕೆ ಕನಿಷ್ಠ 8 ಜನ ಬೇಕು. ಯಾರ ಸಮಯದಲ್ಲೂ ಶೇಕಡ 25ಕ್ಕಿಂತ ಹೆಚ್ಚು ಆನ್‌ಕಾಲ್ ಕೂಡದು. ಒಂದು ಸರದಿಯಲ್ಲಿ 2ಕ್ಕಿಂತ ಹೆಚ್ಚು ತೊಂದರೆಗಳು ಬರತೊಡಗಿದರೆ ಏನೋ ಸರಿಯಿಲ್ಲವೆಂದು ತಿಳಿದು ಸರಿಪಡಿಸಬೇಕು. ಎಂಟು ಜನರನ್ನು ಇಟ್ಟುಕೊಳ್ಳಲು ನಮಗೆ ಶಕ್ತಿಯಿಲ್ಲ ಎನ್ನುವ ಸಣ್ಣ ಕಂಪನಿಗಳ ಕಷ್ಟ ನನಗೂ ತಿಳಿಯುತ್ತದೆ. ನಾನೂ ಒಬ್ಬನೇ ಕ್ಲಿನಿಕ್ ನಡೆಸುವವನು. ಆದರೆ ಬೆಳಗಿನವರೆಗೆ ಕಾಯಬಹುದಾದ ಎಚ್ಚರಿಕೆಗಳನ್ನು ಬೆಳಿಗ್ಗೆಯೇ ಕಳುಹಿಸಲು ಹಣ ಬೇಕಿಲ್ಲ. ಎರಡು ಕಿಟಕಿಗಳಿಗೆ ಬೇರೆ ಬೇರೆ ಬಣ್ಣ ಹಚ್ಚಲೂ ಬೇಕಿಲ್ಲ. ಅಳಿಸುವಂಥ ಆಜ್ಞೆ ಕೊಡುವ ಮುನ್ನ ಇನ್ನೊಬ್ಬರು ನೋಡಬೇಕೆಂಬ ನಿಯಮ, ರಾತ್ರಿ ಎದ್ದವನಿಗೆ ಮರುದಿನ ಮಧ್ಯಾಹ್ನದವರೆಗೆ ವಿರಾಮ, ಇವೂ ಅಷ್ಟೇನೂ ದುಬಾರಿಯಲ್ಲ.

ಎಂಜಿನಿಯರುಗಳಿಗೂ ಒಂದು ಮಾತು ಹೇಳಬೇಕು, ಬೇಸರಪಡಬೇಡಿ. "ನಾನಿಲ್ಲದೆ ನಡೆಯುವುದಿಲ್ಲ" ಎಂಬುದರಲ್ಲಿ ಒಂದು ಸುಖವಿದೆ. ವೈದ್ಯರಾದ ನಮಗೆ ಅದು ಚೆನ್ನಾಗಿ ಗೊತ್ತು. ಗುಟ್ಟುಗಳನ್ನು ತಲೆಯಲ್ಲೇ ಇಟ್ಟುಕೊಂಡವನನ್ನು ಯಾರೂ ಕೆಲಸದಿಂದ ತೆಗೆಯಲಾರರು ಎಂಬ ಲೆಕ್ಕಾಚಾರವೂ ಇರಬಹುದು. ಆದರೆ ಗುಟ್ಟು ನಿಮ್ಮೊಬ್ಬರ ತಲೆಯಲ್ಲಿದ್ದರೆ ರಾತ್ರಿ ಎರಡರ ಕರೆಯೂ ನಿಮ್ಮೊಬ್ಬರಿಗೇ.

ಮನೆಯವರು ಏನು ಮಾಡಬಹುದು? "ಮನೇಲೇ ಕೂತು ಮಾಡೋ ಕೆಲಸ ತಾನೆ?" ಎಂಬ ಮಾತನ್ನು ಮೊದಲು ಬಿಡಿ. ರಾತ್ರಿ ಎದ್ದು ದುಡಿದವರು ಬೆಳಿಗ್ಗೆ ಒಂಬತ್ತರವರೆಗೆ ಮಲಗಿದರೆ ಅದು ಸೋಮಾರಿತನವಲ್ಲ. ಪರದೆ ಎಳೆದು ಕೋಣೆ ಕತ್ತಲು ಮಾಡಿ, ಮಿಕ್ಸಿ ಹಾಕುವುದನ್ನು ಸ್ವಲ್ಪ ಹೊತ್ತು ತಡೆಯಿರಿ. ಸರಿಯಾಗಿ ಮಲಗದ ರಾತ್ರಿಯ ಮರುದಿನ ಅವರ ಕೈಗೆ ಗಾಡಿ ಕೊಡಬೇಡಿ. ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ, ಆದ್ದರಿಂದ ರಾತ್ರಿ ಹತ್ತರ ಫಿಲ್ಟರ್ ಕಾಫಿ ಬೆಳಗಿನ ಜಾವದವರೆಗೂ ಕಾಡುತ್ತದೆ. ನಿದ್ರೆಗೆಂದು ಒಂದು ಪೆಗ್ ಹಾಕುವವರಿದ್ದಾರೆ. ಮದ್ಯ ನಿದ್ರೆಯನ್ನು ಬೇಗ ತರುತ್ತದೆ, ಆದರೆ ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಮುರಿಯುತ್ತದೆ. ಪರಿಚಯದ ಔಷಧಿ ಅಂಗಡಿಯಿಂದ ನಿದ್ರೆ ಮಾತ್ರೆ ತರುವುದಂತೂ ಬೇಡವೇ ಬೇಡ. ಮಾತ್ರೆಯ ಮಂಪರಿನಲ್ಲಿ ಎದ್ದು ಡೇಟಾಬೇಸಿಗೆ ಕೈ ಹಾಕುವುದನ್ನು ಊಹಿಸಿಕೊಳ್ಳಿ.

ಬಳಲಿಕೆ ಎಲ್ಲಿ ಮುಗಿದು ಖಿನ್ನತೆ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದು ಮುಖ್ಯ. ಬರಿಯ ಬಳಲಿಕೆಯಾದರೆ ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಮುಖ ಅರಳುತ್ತದೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ರಜೆಯಲ್ಲೂ ಏನೂ ಬೇಡವೆನಿಸಿ, ಊಟ ನಿದ್ರೆ ಕೆಟ್ಟು, ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಆ ತಾಯಿ ಬಂದುಹೋದ ಎರಡು ದಿನಕ್ಕೆ ಎಂಜಿನಿಯರ್ ಹೆಂಡತಿಯೊಂದಿಗೆ ಬಂದರು. ಆಕೆ ಹೇಳಿದ ಒಂದು ಮಾತು ನನ್ನ ಎದೆ ನಡುಗಿಸಿತು. ಗಂಡ ಒಂದು ರಾತ್ರಿ ಕಾಗದಪತ್ರಗಳ ಫೈಲು ತೆಗೆದು ತೋರಿಸಿ, "ನಾನಿಲ್ದಿದ್ರೂ ಮನೆ ಸಾಲಕ್ಕೆ ವಿಮೆ ಇದೆ, ನಿಮಗೇನೂ ತೊಂದ್ರೆ ಆಗಲ್ಲ" ಎಂದಿದ್ದರಂತೆ. ಇಂಥ ಮಾತನ್ನು ಮನೆಯವರು ಸಾಮಾನ್ಯವಾಗಿ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗೆ ಮಾಡಬೇಡಿ. ಆಕೆಯನ್ನು ಹೊರಗೆ ಕೂರಿಸಿ ಅವರನ್ನು ನೇರವಾಗಿಯೇ ಕೇಳಿದೆ, "ಸಾಯಬೇಕು ಅಂತ ಅನ್ನಿಸಿದೆಯೇ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಕೇಳುವವರು ಸಿಕ್ಕರಲ್ಲ ಎಂದು ಅವರಿಗೆ ಹಗುರವಾಗುತ್ತದೆ. ಬಹಳ ಹೊತ್ತು ಸುಮ್ಮನಿದ್ದು "ಅನ್ನಿಸಿದೆ" ಎಂದರು. ಅಂದು ಸಂಜೆಯೇ ಮನೋವೈದ್ಯರಲ್ಲಿಗೆ ಕಳುಹಿಸಿದೆ. ನಾನು ಎಂಬಿಬಿಎಸ್ ಓದಿದ ಸಾಮಾನ್ಯ ವೈದ್ಯ, ನನ್ನ ಮಿತಿ ನನಗೆ ಗೊತ್ತು. ಮನೋವೈದ್ಯರು ತಕ್ಷಣ ಸಿಗದ ಊರಿನಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಇದಕ್ಕೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಖರ್ಚಿನ ಚಿಂತೆಯವರಿಗೆ ಇನ್ನೊಂದು ವಿಷಯ: 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ವಿಮಾ ಕಂಪನಿಗಳು ಮೈಯ ಕಾಯಿಲೆಗೆ ಕೊಡುವ ರಕ್ಷಣೆಯನ್ನು ಮನಸ್ಸಿನ ಕಾಯಿಲೆಗೂ ಅದೇ ಆಧಾರದ ಮೇಲೆ ಒದಗಿಸಬೇಕು. ನಿಮ್ಮ ಪಾಲಿಸಿಯನ್ನು ತೆಗೆದು ಓದಿ.

ನಾನು ಮಾಡಿದ ಇನ್ನೊಂದು ಕೆಲಸವೆಂದರೆ ಅವರ ಕಚೇರಿಗೆ ಒಂದು ಚೀಟಿ ಬರೆದದ್ದು. ಕಾಯಿಲೆಯ ಹೆಸರು ಹಾಕಲಿಲ್ಲ. ಆರು ವಾರ ಇವರಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಯಾವ ಕರೆಯೂ ಹೋಗಕೂಡದು ಎಂದಷ್ಟೇ ಬರೆದೆ. ಮೇಲಧಿಕಾರಿ ಮೊದಲು ಗೊಣಗಿದರಂತೆ. ಆ ಆರು ವಾರದಲ್ಲಿ ಬೇರೆ ದಾರಿಯಿಲ್ಲದೆ ಇನ್ನಿಬ್ಬರು ಹಳೆಯ ವ್ಯವಸ್ಥೆಯನ್ನು ಕಲಿತರು, ಆಮೇಲೆ ತಂಡಕ್ಕೆ ಇನ್ನೊಬ್ಬರು ಸೇರಿದರು. ಬೇಕಾದವರು ಇಂಥ ಚೀಟಿಯನ್ನು ನಿಮ್ಮ ವೈದ್ಯರಿಂದ ಕೇಳಿ ಪಡೆಯಿರಿ. ಮೂರು ದಿನದ ಜ್ವರಕ್ಕೆ ಬರೆದುಕೊಡುವ ನಾವು ಇದಕ್ಕೂ ಬರೆಯಬೇಕು.

ಈಗ ಅವರ ಸರದಿ ನಾಲ್ಕು ವಾರಕ್ಕೊಮ್ಮೆ. ಮನೋವೈದ್ಯರ ಮಾತ್ರೆಯನ್ನು ಅವರ ಸಲಹೆಯಂತೆ ನಿಧಾನವಾಗಿ ಇಳಿಸಿ ನಿಲ್ಲಿಸಿದ್ದಾರೆ. ಸರದಿಯ ವಾರದಲ್ಲಿ ಈಗಲೂ ನಿದ್ರೆ ಅಷ್ಟಕ್ಕಷ್ಟೆ ಎನ್ನುತ್ತಾರೆ. ತಾಯಿ ಕಳೆದ ತಿಂಗಳು ಮಂಡಿನೋವೆಂದು ಬಂದಿದ್ದರು. ಈ ಸಲ ತಿಥಿ ಯಾವ ವಾರ ಬರುತ್ತದೆಂದು ಮಗ ಪಂಚಾಂಗ ನೋಡಿ ಮೊದಲೇ ಸರದಿ ಬದಲಿಸಿಕೊಂಡಿದ್ದಾನಂತೆ.